ಊರಿನ ಬೋರ್ ನೀರಿನ ಪರೀಕ್ಷೆ ವರದಿ ಎಲ್ಲಿ ಸಿಗುತ್ತದೆ? ನಾವು ಮಾಡಿದ್ದನ್ನು ಎಲ್ಲಿ ಹಾಕಬೇಕು?

ನಿಮ್ಮದು ಲಿಂಗಸುಗೂರು ತಾಲ್ಲೂಕು, ಊರಿಗೆ ಬೋರ್ ನೀರೇ ಗತಿ ಅಂತ ಬರೆದಿದ್ದೀರಿ. ಸರ್ಕಾರದವರು ಮಾಡಿಸಿದ ಪರೀಕ್ಷೆಯ ಫಲಿತಾಂಶ ಎಲ್ಲಿ ಸಿಗುತ್ತದೆ, ನಿಮ್ಮ ಹುಡುಗರು ಕಿಟ್‌ನಲ್ಲಿ ನೋಡಿದ್ದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬಹುದಾ, ಹಾಕಿದರೆ ಯಾರಾದರೂ ತಕರಾರು ತೆಗೆಯುತ್ತಾರಾ ಅನ್ನುವುದು ಪ್ರಶ್ನೆ. ನಾನು ಪಕ್ಕದ ಕುಷ್ಟಗಿ ಕಡೆಯವನು. ನಮ್ಮ ಸುತ್ತಲಿನ ಕೆಲವು ಊರುಗಳಲ್ಲಿ ಈ ಲೆಕ್ಕ ಇಡುತ್ತಿದ್ದೇವೆ. ಧಾರಾಳವಾಗಿ ಹಾಕಿ. ಆದರೆ ಬರೀ ಅಂಕಿ ಹಾಕಿದರೆ ಯಾರಿಗೂ ಉಪಯೋಗ ಇಲ್ಲ. ಯಾವ ಬೋರು, ಯಾವತ್ತು, ಯಾವುದರಲ್ಲಿ ನೋಡಿದ್ದು ಅನ್ನುವುದು ನಿಮ್ಮ ಊರನ್ನೇ ಕಾಣದವರಿಗೂ ತಿಳಿಯಬೇಕು.

ಮೊದಲು ಸರ್ಕಾರದ ಲೆಕ್ಕ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ಗೆ ನೀರಿನ ಗುಣಮಟ್ಟಕ್ಕೆಂದೇ ಒಂದು ಪೋರ್ಟಲ್ ಇದೆ, ಡಬ್ಲ್ಯೂಕ್ಯೂಎಂಐಎಸ್ ಅಂತ. ಲ್ಯಾಬ್ ವರದಿ, ಊರಿನ ಹೆಣ್ಣುಮಕ್ಕಳು ಕಿಟ್‌ನಲ್ಲಿ ಮಾಡಿದ ಪರೀಕ್ಷೆ ಎರಡೂ ಅಲ್ಲಿಗೇ ಹೋಗುತ್ತವೆ. ಜಿಲ್ಲೆ, ತಾಲ್ಲೂಕು, ಪಂಚಾಯತಿ ಅಂತ ಇಳಿಯುತ್ತಾ ಹೋದರೆ ಊರು ಸಿಗುತ್ತದೆ. ಸಿಗದಿದ್ದರೆ ಸ್ಪೆಲಿಂಗ್ ಬದಲಿಸಿ ಹುಡುಕಿ. ನಿಮ್ಮ ಕಡೆ ದೊಡ್ಡಿ, ತಾಂಡಾ ಜಾಸ್ತಿ ಅಲ್ವಾ, ಅವು ಎಷ್ಟೋ ಸಲ ಮುಖ್ಯ ಊರಿನ ಹೆಸರಿನಲ್ಲೇ ಸೇರಿಹೋಗಿರುತ್ತವೆ. ನೀರು ಎಷ್ಟು ಆಳಕ್ಕೆ ಇಳಿದಿದೆ ಅಂತ ಬೇಕಿದ್ದರೆ ಇಂಡಿಯಾ-ವ್ರಿಸ್ ಅನ್ನುವ ಕೇಂದ್ರ ಸರ್ಕಾರದ ಜಲ ಮಾಹಿತಿ ತಾಣ ನೋಡಿ. ಕೇಂದ್ರ ಅಂತರ್ಜಲ ಮಂಡಳಿಯವರು ಆಯ್ದ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ, ಅದು ಅಲ್ಲಿ ಸಿಗುತ್ತದೆ.

ಆನ್‌ಲೈನ್‌ನಲ್ಲಿ ಇಲ್ಲದ್ದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಊರಿನ ಕಥೆಯೆಲ್ಲ ಬರೆಯಬೇಡಿ. ಇಂಥ ಪಂಚಾಯತಿಯ ಎಲ್ಲ ಕುಡಿಯುವ ನೀರಿನ ಮೂಲಗಳ ಇಷ್ಟು ವರ್ಷದ ಪರೀಕ್ಷಾ ವರದಿ, ಸಾಫ್ಟ್ ಕಾಪಿಯಲ್ಲಿ ಕೊಡಿ ಅಂತ ಕೇಳಿದರೆ ಸಾಕು. ಸಾಫ್ಟ್ ಕಾಪಿ ಕೇಳುವ ಹಕ್ಕು ಕಾಯ್ದೆಯಲ್ಲೇ ಇದೆ. ಕೇಳದಿದ್ದರೆ ಮಸುಕು ಜೆರಾಕ್ಸ್ ಕಟ್ಟು ಬರುತ್ತದೆ, ಅದನ್ನು ಟೈಪ್ ಮಾಡುವಷ್ಟರಲ್ಲಿ ಸಾಕುಬೇಕಾಗುತ್ತದೆ.

ವರದಿ ಕೈಗೆ ಬಂದ ಮೇಲೆಯೇ ನಿಜವಾದ ಕೆಲಸ. ನೈಟ್ರೇಟನ್ನೇ ತೆಗೆದುಕೊಳ್ಳಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಮಿತಿ ಲೀಟರಿಗೆ 45 ಮಿಲಿಗ್ರಾಂ. ಒಂದು ವರದಿಯಲ್ಲಿ 12 ಅಂತ ಇದೆ ಅಂದುಕೊಳ್ಳಿ. ಏನೂ ತೊಂದರೆ ಇಲ್ಲ ಅನಿಸುತ್ತದೆ. ಆದರೆ ಕೆಲವು ಲ್ಯಾಬ್‌ಗಳು ನೈಟ್ರೇಟನ್ನು ಪೂರ್ತಿ ಲೆಕ್ಕ ಹಾಕದೆ ಅದರೊಳಗಿನ ನೈಟ್ರೋಜನ್ ಮಾತ್ರ ಬರೆಯುತ್ತವೆ. ಹಾಗಿದ್ದರೆ ಅದನ್ನು 4.43ರಿಂದ ಗುಣಿಸಬೇಕು. 12 ಹೋಗಿ 53 ಆಯಿತು, ಮಿತಿ ದಾಟಿತು! ಬೇರೆ ಬೇರೆ ಲ್ಯಾಬ್‌ಗಳ ವರದಿಯನ್ನು ಒಂದೇ ಪಟ್ಟಿಗೆ ಸೇರಿಸುವಾಗ ಇದನ್ನು ನೋಡದಿದ್ದರೆ ಇಡೀ ಪಟ್ಟಿ ದಾರಿ ತಪ್ಪಿಸುತ್ತದೆ. 'ಬಿಡಿಎಲ್' (ಬಿಲೋ ಡಿಟೆಕ್ಷನ್ ಲಿಮಿಟ್) ಅಂತ ಇದ್ದರೆ ಅದೂ ಸೊನ್ನೆ ಅಲ್ಲ. ಆ ಯಂತ್ರಕ್ಕೆ ಸಿಗುವಷ್ಟು ಇರಲಿಲ್ಲ ಅಂತ ಅಷ್ಟೇ. ಹಾಗೇ ಬರೆದುಕೊಳ್ಳಿ, ಸೊನ್ನೆ ಹಾಕಬೇಡಿ.

ಇನ್ನು ಟಿಡಿಎಸ್ ಮೀಟರ್. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಆ ಪೆನ್ನಿನಂಥದ್ದನ್ನು ಲೋಟಕ್ಕೆ ಅದ್ದಿ, ಅಂಕಿ ಕಡಿಮೆ ಬಂತು, ನೀರು ಚೊಲೋ ಐತಿ ಅಂದುಬಿಡುತ್ತಾರೆ. ಅದು ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು, ಅದರಿಂದ ಒಟ್ಟು ಲವಣದ ಅಂದಾಜು ಸಿಗುತ್ತದೆ. ಫ್ಲೋರೈಡ್ ಲೀಟರಿಗೆ 3 ಮಿಲಿಗ್ರಾಂ ಇದ್ದರೂ ಅದರಲ್ಲಿ ಗೊತ್ತೇ ಆಗಲ್ಲ. ಮಾನಕದ ಪ್ರಕಾರ ಫ್ಲೋರೈಡ್ 1ರೊಳಗೆ ಇರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ. ನಮ್ಮ ಕೊಪ್ಪಳ, ರಾಯಚೂರು ಕಡೆ ನೆಲದೊಳಗಿನ ಕಲ್ಲಿನಿಂದಲೇ ಅದು ನೀರಿಗೆ ಬರುತ್ತದೆ. ಕುದಿಸಿದರೂ ಹೋಗಲ್ಲ.

ನಿಮ್ಮ ಕಿಟ್ ವಿಷಯಕ್ಕೆ ಬರೋಣ. ಫ್ಲೋರೈಡ್ ಪರೀಕ್ಷೆಯಲ್ಲಿ ನೀರಿನ ಬಣ್ಣ ಗುಲಾಬಿಯಿಂದ ಹಳದಿಗೆ ತಿರುಗುತ್ತದೆ, ಅದನ್ನು ಕಾರ್ಡಿನ ಬಣ್ಣಕ್ಕೆ ಹೋಲಿಸಬೇಕು. ಹೊರಗೆ ನೆರಳಿನಲ್ಲಿ ನಿಂತು, ಇಬ್ಬರು ಬೇರೆ ಬೇರೆಯಾಗಿ ನೋಡಲಿ. ಎರಡು ಬಣ್ಣದ ನಡುವೆ ಬಂದರೆ '1.5ರಿಂದ 2' ಅಂತಲೇ ಬರೆಯಿರಿ. 1.73 ಅಂತ ಬರೆದರೆ ನಂಬುವವರು ಸಿಗಬಹುದು, ಆದರೆ ಅಷ್ಟು ಸೂಕ್ಷ್ಮ ಆ ಕಿಟ್‌ಗೆ ಇಲ್ಲ. ದ್ರಾವಣದ ಎಕ್ಸ್‌ಪೈರಿ ದಿನಾಂಕವೂ ಪಟ್ಟಿಯಲ್ಲಿ ಇರಲಿ.

ಪಟ್ಟಿಯಲ್ಲಿ ಒಂದು ಪರೀಕ್ಷೆಗೆ ಒಂದು ಸಾಲು. ಉದಾಹರಣೆಗೆ: ಕೆಳಗಿನ ಓಣಿ, ಗುಡಿ ಎದುರಿನ ಕೈಪಂಪು, 2024 ಮೇ 12, ಬೆಳಿಗ್ಗೆ 7, ಫ್ಲೋರೈಡ್, 1.5ರಿಂದ 2, ಮಿ.ಗ್ರಾಂ/ಲೀ, ಕಿಟ್, ಹಿಂದಿನ ದಿನ ಮಳೆ ಇಲ್ಲ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, 05-06 ಅಂದರೆ ಮೇನೋ ಜೂನೋ ಅಂತ ಆಮೇಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಪ್ರತಿ ಬೋರಿಗೂ ಒಂದು ನಂಬರ್ ಕೊಡಿ, ಅದನ್ನು ಎಂದೂ ಬದಲಿಸಬೇಡಿ. ಮೊಬೈಲ್‌ನಿಂದ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ, ಅದಲು ಬದಲಾಗದಿರಲಿ. ನಿಮ್ಮಲ್ಲಿ ಅಕ್ಷಾಂಶ 16, ರೇಖಾಂಶ 76ರ ಆಸುಪಾಸು. ತಿರುವುಮುರುವಾದರೆ ನಿಮ್ಮ ಬೋರು ನಾರ್ವೆಯ ಸ್ವಾಲ್ಬಾರ್ಡ್ ಹತ್ತಿರ ಹಿಮಕರಡಿಗಳ ನಡುವೆ ಹೋಗಿ ಕೂರುತ್ತದೆ!

ಎಲ್ಲಿ ಹಾಕುವುದು? ವಾಟ್ಸಾಪ್ ಗ್ರೂಪ್‌ಗೆ ಹಾಕಿದ್ದು ಎರಡು ದಿನಕ್ಕೆ ಮೇಲೆ ಹೋಗಿಬಿಡುತ್ತದೆ. ಎಲ್ಲರೂ ನೋಡುವಂಥ ಗೂಗಲ್ ಶೀಟ್‌ನಲ್ಲಿ ಶುರು ಮಾಡಿ. ವರ್ಷದ ಲೆಕ್ಕ ಮುಗಿದಾಗ ಅದನ್ನು ಸಿಎಸ್‌ವಿ ಫೈಲ್ (ಯಾವ ಕಂಪ್ಯೂಟರಿನಲ್ಲೂ ತೆರೆಯುವ ಸರಳ ಪಟ್ಟಿ) ಮಾಡಿ ಜೆನೋಡೋದಲ್ಲಿ ಹಾಕಿ. ಅದು ಯುರೋಪಿನ ಸರ್ನ್ ವಿಜ್ಞಾನ ಸಂಸ್ಥೆಯವರು ನಡೆಸುವ ತಾಣ, ದುಡ್ಡು ಕೊಡಬೇಕಿಲ್ಲ, ಫೈಲ್‌ಗೆ ಒಂದು ಕಾಯಂ ವಿಳಾಸ ಸಿಗುತ್ತದೆ. ಸಿಸಿ ಬೈ ಪರವಾನಗಿ ಆರಿಸಿದರೆ ನಿಮ್ಮ ಸಂಘದ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು. ಮಾದರಿ ಬೇಕಿದ್ದರೆ ಕೆನಡಾದ ಡೇಟಾಸ್ಟ್ರೀಮ್ ನೋಡಿ. ಅಲ್ಲಿ ಊರಿನ ಜನ ತಾವೇ ನದಿ, ಕೆರೆ ನೀರು ಪರೀಕ್ಷೆ ಮಾಡಿ ಹಾಕುತ್ತಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮ ಲೆಕ್ಕ ಅಲ್ಲಿ ಹಾಕೋಕಾಗಲ್ಲ, ಆದರೆ ಅವರ ಕಾಲಂಗಳನ್ನು ನೋಡಿ ಕಲಿಯಬಹುದು.

ತಕರಾರಿನ ಬಗ್ಗೆ ಹೇಳುವುದಾದರೆ, ಖಾಸಗಿ ಬೋರಾದರೆ ಮಾಲೀಕರನ್ನು ಕೇಳಿ. ನೀರು ಕೆಟ್ಟದ್ದು ಅಂತ ಗೊತ್ತಾದರೆ ಹೊಲದ ರೇಟ್ ಬೀಳುತ್ತದೆ ಅಂತ ಅವರಿಗೆ ಭಯ ಇರುತ್ತದೆ. ಹೆಸರು, ಫೋನ್ ನಂಬರ್ ಹಾಕಬೇಡಿ, ಜಾಗವನ್ನೂ ಎರಡೇ ದಶಮಾಂಶಕ್ಕೆ ನಿಲ್ಲಿಸಿ, ಸುಮಾರು ಒಂದು ಕಿಲೋಮೀಟರ್ ಮಸುಕಾಗುತ್ತದೆ. ಊರಿನ ಬೋರಾದರೆ ಹಾಕುವ ಮೊದಲು ಪಿಡಿಒಗೂ ನೀರು ಬಿಡುವವರಿಗೂ ಒಂದು ಪ್ರತಿ ಕೊಡಿ. ಅವರು ಬೇರೆಯವರ ಬಾಯಿಂದ ಕೇಳುವ ಹಾಗಾದರೆ ಸುಮ್ನೆ ಮನಸ್ತಾಪ. ಚೆನ್ನಾಗಿರುವ ಬೋರುಗಳ ಫಲಿತಾಂಶವನ್ನೂ ತಪ್ಪದೆ ಹಾಕಿ. ಕೆಟ್ಟದ್ದನ್ನೇ ಆರಿಸಿ ಹಾಕಿದ್ದಾರೆ ಅನ್ನುವ ಮಾತು ಬರಲ್ಲ, ಮೇಲಾಗಿ ಜನ ಯಾವ ನೀರು ಕುಡಿಯಬಹುದು ಅಂತಲೂ ತಿಳಿಯುತ್ತದೆ.

ನಿಮ್ಮ ತಾಲ್ಲೂಕಿಗೇ ಹೇಳಬೇಕಾದ ಒಂದು ಮಾತು ಇದೆ. ಹಟ್ಟಿ ಚಿನ್ನದ ಗಣಿ ಇರುವ ಕಲ್ಲಿನ ಪಟ್ಟಿಯಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಅನ್ನುವ ವಿಷ ಇರುವ ಖನಿಜವೂ ಇರುತ್ತದೆ. ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಬಣ್ಣ, ವಾಸನೆ, ರುಚಿ ಏನೂ ಇರಲ್ಲ. ಕಿಟ್ ನಂಬಿ ಕೂರಬೇಡಿ, ಲ್ಯಾಬ್‌ಗೆ ಕಳಿಸಿ. ಜಲ ಜೀವನ್ ಮಿಷನ್ ಲ್ಯಾಬ್‌ಗಳಲ್ಲಿ ಸಾರ್ವಜನಿಕರೂ ಕಡಿಮೆ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಆದರೆ ಆರ್ಸೆನಿಕ್ ನೋಡಿ ಅಂತ ಬಾಯಿಬಿಟ್ಟು ಹೇಳಿ. ಆ ಲ್ಯಾಬ್‌ನಲ್ಲಿ ಅದು ಆಗುತ್ತದಾ ಅಂತ ಮೊದಲೇ ಫೋನ್ ಮಾಡಿ ಕೇಳಿ, ಬಾಟಲಿಯನ್ನೂ ಅವರಿಂದಲೇ ತನ್ನಿ. ಆರ್ಸೆನಿಕ್‌ಗೆ ಆಸಿಡ್ ಹಾಕಿದ ಬಾಟಲಿ ಬೇಕಾಗುತ್ತದೆ.