ಮೆನು ತಾನಾಗಿಯೇ ತಯಾರಾಗಬಹುದೇ?

ಪ್ರಶ್ನೆ: ಸರ್, ಕಲಬುರಗಿ ಗಂಜ್‌ನಲ್ಲಿರುವ ನಮ್ಮ ಕಾಕಾರ ಅಡತ್ ಅಂಗಡಿಗೆ ಪೈಥಾನ್‌ನಲ್ಲಿ ಲೆಕ್ಕದ ಪ್ರೋಗ್ರಾಂ ಬರೀತಿದ್ದೀನಿ. ತೊಗರಿ ತೂಕ, ಹಮಾಲಿ, ಕಮಿಷನ್ ಒಂದೊಂದಕ್ಕೂ ಒಂದು ಫಂಕ್ಷನ್ ಇದೆ. ಹೊಸದು ಸೇರಿಸಿದಾಗೆಲ್ಲ ಮೆನು, ಫಾರಂ ಎರಡನ್ನೂ ಕೈಯಿಂದ ತಿದ್ದಬೇಕು. ಫಂಕ್ಷನ್ ಯಾವ್ಯಾವು, ಅವಕ್ಕೆ ಏನೇನು ಕೊಡಬೇಕು ಅನ್ನೋದನ್ನ ಪ್ರೋಗ್ರಾಮೇ ಹುಡುಕಿಕೊಳ್ಳೋ ಹಾಗೆ ಮಾಡಬಹುದಾ?
– ಬಿ.ಇ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಧಾರಾಳವಾಗಿ ಮಾಡಬಹುದು. ಪೈಥಾನ್‌ನಲ್ಲಿ ಫಂಕ್ಷನ್ನೂ ಒಂದು ಆಬ್ಜೆಕ್ಟ್. ಪ್ರೋಗ್ರಾಂ ಓಡುವಾಗಲೂ ಅದರ ಹೆಸರು, ಪ್ಯಾರಾಮೀಟರ್‌ಗಳ (ಅದಕ್ಕೆ ಕೊಡಬೇಕಾದ ಮಾಹಿತಿಯ) ವಿವರ ಅದರ ಬಳಿಯೇ ಇರುತ್ತದೆ. ‘ಇನ್‌ಸ್ಪೆಕ್ಟ್’ ಮಾಡ್ಯೂಲ್‌ನ (ಮಾಡ್ಯೂಲ್ ಅಂದರೆ ಕೋಡ್ ಇರುವ ಫೈಲ್) ‘ಗೆಟ್‌ಮೆಂಬರ್ಸ್’ಗೆ ನಿಮ್ಮ ಮಾಡ್ಯೂಲನ್ನೂ ‘ಇಸ್‌ಫಂಕ್ಷನ್’ ಎಂಬುದನ್ನೂ ಕೊಟ್ಟರೆ ಅದರಲ್ಲಿರುವ ಫಂಕ್ಷನ್‌ಗಳ ಪಟ್ಟಿ ಸಿಗುತ್ತದೆ.

ಪ್ಯಾರಾಮೀಟರ್‌ಗಳಿಗೆ ಅದೇ ‘ಇನ್‌ಸ್ಪೆಕ್ಟ್’ನ ‘ಸಿಗ್ನೇಚರ್’ ಬಳಸಿ. ಇದು 2012ರಲ್ಲಿ, ಪೈಥಾನ್ 3.3ರಲ್ಲಿ ಬಂತು. ಹಳೆಯ ಪಾಠಗಳಲ್ಲಿ ಕಾಣುವ ‘ಗೆಟ್‌ಆರ್ಗ್‌ಸ್ಪೆಕ್’ ಅನ್ನು 3.11ರಲ್ಲಿ ತೆಗೆದುಹಾಕಿದ್ದಾರೆ, ಅದರ ಗೊಡವೆ ಬೇಡ. ಹಮಾಲಿಯ ಫಂಕ್ಷನ್‌ಗೆ ಚೀಲ, ದರ ಎಂಬ ಎರಡು ಪ್ಯಾರಾಮೀಟರ್ ಇದ್ದು, ದರಕ್ಕೆ ಡೀಫಾಲ್ಟ್ (ಏನೂ ಕೊಡದಿದ್ದಾಗ ಹಿಡಿಯುವ ಬೆಲೆ) 5 ಎಂದಿಟ್ಟುಕೊಳ್ಳಿ. ಚೀಲದ ಡೀಫಾಲ್ಟ್ ‘ಎಂಪ್ಟಿ’ (ಡೀಫಾಲ್ಟೇ ಕೊಟ್ಟಿಲ್ಲ) ಎಂದು ಬರುತ್ತದೆ, ಹಾಗಾಗಿ ಆ ಖಾನೆ ಕಡ್ಡಾಯ. ದರದ ಖಾನೆಯಲ್ಲಿ 5 ಮೊದಲೇ ತುಂಬಿರಲಿ. ‘ಎಂಪ್ಟಿ’ಯೂ ‘ನನ್’ (None, ‘ಏನೂ ಇಲ್ಲ’ ಎಂಬ ಬೆಲೆ) ಕೂಡ ಒಂದೇ ಅಲ್ಲ, ಡೀಫಾಲ್ಟೇ ‘ನನ್’ ಇರಬಹುದು.

ನಿಮ್ಮಂಥ ವಿದ್ಯಾರ್ಥಿಗಳು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಫಾರಂನಿಂದ ಬರುವುದೆಲ್ಲ ಅಕ್ಷರರೂಪದ ಸ್ಟ್ರಿಂಗ್. ಚೀಲ 12 ಎಂದು ತುಂಬಿ ಹಾಗೇ 5ರಿಂದ ಗುಣಿಸಿದರೆ 60 ಬರುವುದಿಲ್ಲ, 1212121212 ಎಂದು ಬರುತ್ತದೆ. ಎರರ್ ಕೂಡ ಇಲ್ಲ! ಪ್ಯಾರಾಮೀಟರ್‌ಗೆ ‘ಇಂಟ್’ ಎಂದು ಟೈಪ್ ಬರೆದರೂ ಪೈಥಾನ್ ತಾನಾಗಿ ಬದಲಿಸಿಕೊಡದು. ಆ ಟೈಪನ್ನು ‘ಸಿಗ್ನೇಚರ್’ನಿಂದ ಓದಿ ನೀವೇ ಪರಿವರ್ತಿಸಬೇಕು.

ಇನ್ನು, ಸಿಕ್ಕಿದ್ದನ್ನೆಲ್ಲ ಮೆನುವಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಬೇರೆಡೆಯಿಂದ ಇಂಪೋರ್ಟ್ ಮಾಡಿದವೂ ಪಟ್ಟಿಯಲ್ಲಿ ಬರುತ್ತವೆ, ನಿಮ್ಮ ಒಳಗಿನ ಸಹಾಯಕ ಫಂಕ್ಷನ್‌ಗಳೂ ಬರುತ್ತವೆ. ಖಾತೆ ಅಳಿಸುವ ಫಂಕ್ಷನ್ ಮೆನುವಿನಲ್ಲಿ ಬಂದು ಕೂತರೆ ಕಾಕಾ ಸುಮ್ಮನಿರುತ್ತಾರೆಯೇ? ಒಂದು ಪುಟ್ಟ ಡೆಕೊರೇಟರ್ (ಫಂಕ್ಷನ್‌ನ ಮೇಲೆ @ ಹಾಕಿ ಹಚ್ಚುವ ಇನ್ನೊಂದು ಫಂಕ್ಷನ್) ಬರೆಯಿರಿ. ಅದನ್ನು ತೊಟ್ಟ ಫಂಕ್ಷನ್ ಮಾತ್ರ ಒಂದು ಡಿಕ್ಷನರಿಗೆ (ಹೆಸರಿನಿಂದ ಹುಡುಕಬಹುದಾದ ಪಟ್ಟಿಗೆ) ಸೇರಲಿ, ಮೆನು ಅದರಿಂದ ಆಗಲಿ. ಡೆಕೊರೇಟರ್ ಮೂಲ ಫಂಕ್ಷನ್ನನ್ನೇ ಹಿಂತಿರುಗಿಸಿದರೆ ಚಿಂತೆಯಿಲ್ಲ. ಹೊಸದರಲ್ಲಿ ಸುತ್ತಿ ಕೊಡುವುದಾದರೆ ‘ಫಂಕ್‌ಟೂಲ್ಸ್’ನ ‘ರ‍್ಯಾಪ್ಸ್’ ಹಾಕಿ, ಇಲ್ಲದಿದ್ದರೆ ‘ಸಿಗ್ನೇಚರ್’ಗೆ ಕಾಣುವುದು ಹೊರಗಿನ ಕವಚದ ಪ್ಯಾರಾಮೀಟರ್‌ಗಳು.

ಮತ್ತೊಂದು: ಇಂಪೋರ್ಟ್ ಮಾಡಿದರೆ ಆ ಫೈಲ್‌ನ ಮೇಲ್ಮಟ್ಟದ ಸಾಲುಗಳೆಲ್ಲ ಓಡುತ್ತವೆ. ಬೇರೆಯವರ ಕೋಡ್ ಆಗಿದ್ದರೆ ಓಡಿಸದೆಯೇ, ಕೋಡ್‌ನ ರಚನೆಯನ್ನು ಬಿಡಿಸಿ ತೋರಿಸುವ ‘ಎಎಸ್‌ಟಿ’ ಮಾಡ್ಯೂಲ್‌ನಿಂದ ಫೈಲ್ ಓದಿ, ಹೆಸರು, ಪ್ಯಾರಾಮೀಟರ್ ಅಲ್ಲೂ ಸಿಗುತ್ತವೆ.