ರೇಡಿಯೊದಲ್ಲಿ ಬಂದ ಆ ‘ಟುಂಯ್ ಟುಂಯ್’ ಹಾಡು ಯಾವುದು?

ಪ್ರಶ್ನೆ: ಆಲ್ದೂರಿನ ಹತ್ತಿರ ನಮ್ಮ ಕಾಫಿ ತೋಟ. ಕಣದಲ್ಲಿ ಕಾಫಿ ಹರವುವಾಗ ರೇಡಿಯೊ ಹಾಕಿರುತ್ತೇವೆ. ಮೊನ್ನೆ ಸಂಜೆ ಒಂದು ಹಾಡು ಬಂತು. ಮಾತಿಲ್ಲ, ಬರೀ ಎಲೆಕ್ಟ್ರಾನಿಕ್ ಸದ್ದು, ಟುಂಯ್ ಟುಂಯ್ ಅಂತ. ನಡುವೆ ಒಂದು ಹೆಣ್ಣುದನಿ ಎರಡು ಸಲ ‘ಆ…’ ಅಂತ ಎಳೆಯುತ್ತದೆ. ಹೆಸರು ಹೇಳದೆ ನೇರ ಕೃಷಿ ಕಾರ್ಯಕ್ರಮ ಶುರು ಮಾಡಿಬಿಟ್ಟರು. ಮಗಳು ಸ್ವಲ್ಪ ರೆಕಾರ್ಡ್ ಮಾಡಿದ್ದಾಳೆ, ಆದರೆ ಹಾಡು ಕೇಳಿಸಿಕೊಂಡು ಹೆಸರು ಹೇಳುವ ಮೊಬೈಲ್ ಆ್ಯಪ್ ಶಜಾಮ್‌ಗೆ ಗೊತ್ತಾಗುತ್ತಿಲ್ಲ. ಹೇಗೆ ಹುಡುಕೋದು?

ಉತ್ತರ: ಎಲ್ಲಾ ಬರೆದಿದ್ದೀರಿ, ಸ್ಟೇಷನ್ ಯಾವುದು ಅಂತ ಮಾತ್ರ ಬರೆದಿಲ್ಲ! ಹಾಸನ ಆಕಾಶವಾಣಿಯೇ ಇರಬೇಕು ಅಂದುಕೊಂಡಿದ್ದೀರೇನೋ. ಆದರೆ ಎಫ್‌ಎಂ ಅಲೆ ಹೆಚ್ಚುಕಮ್ಮಿ ನೇರಕ್ಕೆ ಹೋಗುವಂಥದ್ದು. ಗುಡ್ಡ ಅಡ್ಡ ಬಂದರೆ ಹತ್ತಿರದ್ದೂ ಕೊರಕೊರ ಅನ್ನುತ್ತದೆ, ನಿಮ್ಮ ಕಣ ಎತ್ತರದಲ್ಲಿದ್ದರೆ ದೂರದ್ದೂ ಸಲೀಸಾಗಿ ಸಿಗುತ್ತದೆ. ಹಾಸನ 102.2, ಮಡಿಕೇರಿ 103.1. ಮುಳ್ಳು ಒಂಚೂರು ಸರಿದರೂ ಊರೇ ಬದಲಾಗುತ್ತದೆ, ಅಲ್ವಾ? ಮುಳ್ಳು ಇನ್ನೂ ಅಲ್ಲೇ ಇದ್ದರೆ ಯಾರಿಗೂ ಮುಟ್ಟಲು ಬಿಡಬೇಡಿ. ಸುಮ್ನೆ ಕೇಳುತ್ತಿರಿ, ಸ್ಟೇಷನ್ ಹೆಸರು ಬಂದೇ ಬರುತ್ತದೆ.

ಶಜಾಮ್ ಸೋತಿದ್ದರಲ್ಲಿ ಆಶ್ಚರ್ಯ ಇಲ್ಲ. ಅದು ನಮ್ಮ ಹಾಗೆ ರಾಗ ಹಿಡಿಯುವುದಿಲ್ಲ. ಯಾವ ಕ್ಷಣಕ್ಕೆ ಯಾವ ಸ್ವರ ಜೋರಾಗಿದೆ ಅನ್ನುವ ಚುಕ್ಕಿಗಳನ್ನು ಗುರುತಿಸಿಕೊಂಡು, ತನ್ನ ಬಳಿ ಇರುವ ರೆಕಾರ್ಡಿಂಗ್‌ಗಳ ಚುಕ್ಕಿಗಳಿಗೆ ತಾಳೆ ನೋಡುತ್ತದೆ, ಅಷ್ಟೇ. ಅದೇ ರೆಕಾರ್ಡಿಂಗ್ ಅದರ ಪಟ್ಟಿಯಲ್ಲಿ ಇಲ್ಲದಿದ್ದರೆ ನೂರು ಸಲ ಕೇಳಿಸಿದರೂ ಇಲ್ಲವೇ ಇಲ್ಲ. ಎರಡು ಕಾರ್ಯಕ್ರಮಗಳ ನಡುವೆ ಜಾಗ ತುಂಬಲು ಹಾಕುವ ಸಂಗೀತ ಅಂಗಡಿಯಲ್ಲಿ ಮಾರಾಟಕ್ಕೆ ಬಂದಿರಲೇಬೇಕು ಅಂತೇನೂ ಇಲ್ಲ. ನಿಮ್ಮದೂ ಅಂಥದ್ದೇ ಅಂತ ನನ್ನ ಗುಮಾನಿ. ರಾಗ ನೆನಪಿದ್ದರೆ ಗೂಗಲ್‌ಗೆ ಹತ್ತು ಹದಿನೈದು ಸೆಕೆಂಡ್ ಗುನುಗಿ ನೋಡಿ, 2020ರಿಂದ ಆ ಸೌಲಭ್ಯ ಇದೆ. ಆ ‘ಆ…’ ಭಾಗವನ್ನೇ ಗುನುಗಿ, ಟುಂಯ್ ಟುಂಯ್ ಗುನುಗಿದರೆ ಪಾಪ ಅದಾದರೂ ಏನು ಮಾಡೀತು.

ಇದಕ್ಕಿಂತ ಒಳ್ಳೆಯ ದಾರಿ ಸ್ಟೇಷನ್ನಿಗೇ ಫೋನ್ ಮಾಡೋದು. ಆಕಾಶವಾಣಿಯಲ್ಲಿ ಏನೇನು ಪ್ರಸಾರ ಆಗಬೇಕು ಅಂತ ಕ್ಯೂ ಶೀಟ್ ಬರೆದಿರುತ್ತಾರೆ. ತಾರೀಖು, ಗಂಟೆ, ಹಿಂದೆ ಯಾವ ಕಾರ್ಯಕ್ರಮ, ಮುಂದೆ ಯಾವುದು, ಇಷ್ಟು ಹೇಳಿ. ‘ಮೊನ್ನೆ ಸಂಜೆ ಒಂದು ಚೆಂದದ ಹಾಡು’ ಅಂದರೆ ಯಾರೂ ಹುಡುಕಿ ಕೊಡುವುದಿಲ್ಲ. ಬೆಂಗಳೂರಿನದೋ ದೆಹಲಿಯದೋ ಕಾರ್ಯಕ್ರಮವನ್ನು ಇಲ್ಲಿಂದ ಮರುಪ್ರಸಾರ ಮಾಡಿದ್ದಾದರೆ ಅಲ್ಲಿಗೇ ಕೇಳಬೇಕಾಗುತ್ತದೆ, ಅದನ್ನೂ ವಿಚಾರಿಸಿಕೊಳ್ಳಿ. ಮಾಹಿತಿ ಹಕ್ಕಿನ ಅರ್ಜಿಯವರೆಗೆ ಹೋಗಬೇಡಿ ಮಾರಾಯ್ರೆ, ಒಂದು ಕಾರ್ಡ್ ಬರೆದರೆ ಸಾಕು.

ತಡವಾಯಿತು ಅನ್ನುವ ಚಿಂತೆ ಬೇಡ. ಜರ್ಮನಿಯಲ್ಲಿ 1984ರ ಸುಮಾರಿಗೆ ಒಬ್ಬ ಹುಡುಗ ರೇಡಿಯೊದಿಂದ ಕ್ಯಾಸೆಟ್‌ಗೆ ಇಳಿಸಿಕೊಂಡ ಒಂದು ಹಾಡಿನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಲೋಕದ ಜನವೆಲ್ಲ ವರ್ಷಗಟ್ಟಲೆ ಹುಡುಕಿದರು. ಅದರಲ್ಲಿ ಕೇಳುವುದು 1983ರಲ್ಲಿ ಬಂದ ಯಮಹಾ ಡಿಎಕ್ಸ್7 ಕೀಬೋರ್ಡಿನ ಸದ್ದು, ಹಾಗಾಗಿ ಹಾಡು ಅದಕ್ಕಿಂತ ಹಳೆಯದಲ್ಲ ಅಂತ ಲೆಕ್ಕ ಹಾಕಿದವರೂ ಇದ್ದರು. ಕೊನೆಗೆ 2024ರಲ್ಲಿ ಹಳೆಯ ಪತ್ರಿಕೆಯ ಸುದ್ದಿಯೊಂದರ ಜಾಡು ಹಿಡಿದು ಹೋದಾಗ ಅದು ಕೀಲ್ ನಗರದ ಫೆಕ್ಸ್ ಎಂಬ ತಂಡದ್ದು ಅಂತ ಗೊತ್ತಾಯಿತು.

ಮಗಳಿಗೆ ಒಂದು ಮಾತು ಹೇಳಿ: ರೆಕಾರ್ಡಿಂಗ್‌ನ ಹಿಂದು ಮುಂದು ಕತ್ತರಿಸಬೇಡ ಅಂತ. ಕೊನೆಯಲ್ಲಿ ನಿರೂಪಕರ ಅರ್ಧ ಮಾತು ಸಿಕ್ಕಿಕೊಂಡಿದ್ದರೂ ಸ್ಟೇಷನ್ನಿನವರಿಗೆ ಆ ದನಿ ಯಾರದ್ದು ಅಂತ ತಕ್ಷಣ ಗೊತ್ತಾಗುತ್ತದೆ.