3 ವರ್ಷದ ಮಗ ಎಲ್ಲರಿಗೂ ಹೊಡೆಯುತ್ತಾನೆ. ಚಿತ್ರಪುಸ್ತಕ ಓದಿದರೆ ಬಿಡುತ್ತಾನಾ?

ನಿಮ್ಮ ಮಗ ತಂಗಿಗೂ ಹೊಡೆಯುತ್ತಾನೆ, ಅಂಗನವಾಡಿಯ ಮಕ್ಕಳಿಗೂ ಹೊಡೆಯುತ್ತಾನೆ, 'ಹೊಡೆಯಬಾರದು' ಅನ್ನುವ ಪುಸ್ತಕ ತರಲಾ ಅಂತ ಕೇಳಿದ್ದೀರಿ. ತನ್ನಿ. ಆದರೆ ಹೊಡೆದ ಕೂಡಲೇ ಅದನ್ನು ತೆಗೆದು ಓದಬೇಡಿ. ನಾನು ಮಾಡಿದ ತಪ್ಪು ಅದೇ.

ನಮ್ಮದು ಸೋಮವಾರಪೇಟೆ ಕಡೆ. ಜುಲೈ ಮಳೆಯಲ್ಲಿ ಮಕ್ಕಳನ್ನು ಅಂಗಳಕ್ಕೆ ಬಿಡುವ ಹಾಗೇ ಇಲ್ಲ, ಅಲ್ವಾ? ಆ ಮಳೆಗಾಲ ಮಗಳಿಗೆ ಎರಡೂವರೆ ವರ್ಷ. ಒಂದು ದಿನ ಭಾವನ ಮಗನಿಗೆ ಸೌಟಿನಲ್ಲಿ ಬಾರಿಸಿದಳು. (ಮೂಲೆಯಲ್ಲಿದ್ದ ಹಾಕಿ ಸ್ಟಿಕ್ ಅಟ್ಟ ಸೇರಿದ್ದು ಅವತ್ತೇ.) ನಾನು ಅವಳನ್ನು ಎಳೆದು ಕೂರಿಸಿ, 'ನೋಡು, ಕರಡಿಮರಿ ಹೊಡೆಯಲ್ಲ' ಅಂತ ಓದಲು ಶುರು ಮಾಡಿದೆ. ಅವಳು ಅಳುತ್ತಲೇ ಪುಸ್ತಕ ಕಿತ್ತುಕೊಂಡು ನನ್ನ ಮೂಗಿಗೆ ಬೀಸಿದಳು. ದಪ್ಪ ರಟ್ಟಿನ ಪುಸ್ತಕ ಬೇರೆ.

ಸಿಟ್ಟು ನೆತ್ತಿಗೇರಿದಾಗ ಆ ವಯಸ್ಸಿನ ಮಗುವಿನ ಕಿವಿಗೆ ಏನೂ ಹೋಗುವುದಿಲ್ಲ. ಆಗ ಸುಮ್ನೆ ಕೈ ಹಿಡಿದು 'ಹೊಡೆಯೋಕೆ ಬಿಡಲ್ಲ' ಅಂದರೆ ಸಾಕು. ಪೆಟ್ಟು ತಿಂದ ಮಗುವನ್ನು ಮೊದಲು ಎತ್ತಿಕೊಳ್ಳಿ. ಪುಸ್ತಕ ರಾತ್ರಿ ಊಟ ಆದಮೇಲೆ. ಅದೂ ಗಡಗಡ ಓದಿ ಮುಗಿಸಬೇಡಿ. ಮುಖದ ಮೇಲೆ ಬೆರಳಿಟ್ಟು ನಿಲ್ಲಿಸಿ. 'ಇವನಿಗೆ ಏನಾಗಿದೆ?' ಅಂತ ಕೇಳಿ. ನಮ್ಮವಳು ಮೊದಲು 'ಹಸಿವು' ಅಂದಳು, ಮೂರನೇ ರಾತ್ರಿ 'ಬೇಜಾರು' ಅಂದಳು. ಎರಡು ಮೂರು ವರ್ಷದವರಿಗೆ ಬೇಕು ಅನ್ನುವುದು ಮೊದಲು ಬರುತ್ತದೆ, ಮಾತು ಆಮೇಲೆ. ನಡುವೆ ಕೈ ಓಡುತ್ತದೆ.

ಪುಸ್ತಕ ಆರಿಸುವಾಗಲೂ ನೋಡಿ. ಪುಟಪುಟದಲ್ಲೂ ಕೋತಿ ಹೊಡೆಯುತ್ತದೆ, ಕೊನೆಯ ಪುಟದಲ್ಲಿ 'ಸಾರಿ' ಅನ್ನುತ್ತದೆ, ಇಂಥವು ಬೇಡ. ಅಂಥದ್ದೊಂದು ತಂದು ನಾಲ್ಕು ದಿನ ನಾವೆಲ್ಲ ಕೋತಿ ಏಟು ತಿಂದೆವು. ಹೊಡೆಯುವ ಬದಲು ಏನು ಮಾಡಬೇಕು ಅಂತ ತೋರಿಸುವ ಪುಸ್ತಕ ಬೇಕು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಚಿತ್ರಕಥೆಗಳು ಬೇಕಾದಷ್ಟಿವೆ, ಬಿಟ್ಟಿ. ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಬಹುದು. ಓದಲು ಸುಲಭವಾದ ಒಂದನೇ ಹಂತದ್ದು ತೆಗೆಯಿರಿ.

ನಮ್ಮನೆಯಲ್ಲಿ ಜಾಸ್ತಿ ಓಡಿದ್ದು ಮಾತ್ರ ನಾವೇ ಮಾಡಿದ ಪುಸ್ತಕ. ಫೋನಿನಲ್ಲಿ ತೆಗೆದ ಆರು ಫೋಟೊ, ಎಲ್ಲದರಲ್ಲೂ ಬರೀ ಕೈ. ನಾಯಿ ಬೆನ್ನು ಸವರುವ ಕೈ, 'ಸಾಕು, ಬೇಡ' ಅಂತ ಎದುರಿಗೆ ಹಿಡಿದ ಕೈ, ಅಕ್ಕಿ ರೊಟ್ಟಿ ತಟ್ಟುವ ಅತ್ತೆಯ ಕೈ, ಹೀಗೆ. ಕಾಫಿ ಹಣ್ಣು ಕೊಯ್ಯುವ ಕೈ ಜನವರಿಯಲ್ಲಿ ಸೇರಿತು. ಲ್ಯಾಮಿನೇಟ್ ಮಾಡಿಸಿ, ಇಲ್ಲದಿದ್ದರೆ ನಮ್ಮ ಮಳೆಗೆ ಬೂಷ್ಟು ಹಿಡಿಯುತ್ತದೆ. ರೊಟ್ಟಿಯ ಪುಟ ಅವಳಿಗೆ ಪ್ರಾಣ. ಕೈ ಎತ್ತಿದಾಗ ನಾನು 'ಏನು ತಟ್ಟೋದು?' ಅಂತ ಕೇಳುತ್ತಿದ್ದೆ. 'ರೊಟ್ಟಿ!' ಅಂತ ಅಡುಗೆಮನೆಗೆ ಓಡುತ್ತಿದ್ದಳು. ಒಂದು ಉಂಡೆ ಹಿಟ್ಟು ಕೊಟ್ಟರೆ ಸಿಟ್ಟೆಲ್ಲ ಅದರ ಮೇಲೆ. ಪ್ರತಿ ಸಲ ಅಲ್ಲ, ಕೆಲವು ಸಲ ಏಟು ಬಿದ್ದೇ ಬೀಳುತ್ತಿತ್ತು. ಹುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬದ ಹೊತ್ತಿಗೆ ಕಡಿಮೆ ಆಯಿತು. ಅದರಲ್ಲಿ ವಯಸ್ಸಿನ ಪಾಲೂ ಇದೆ.

ಇನ್ನೊಂದು. ಮಗು ಎಡವಿ ಬಿದ್ದರೆ ನಮ್ಮಲ್ಲಿ ಏನು ಮಾಡುತ್ತೇವೆ? 'ನೆಲಕ್ಕೆ ಹೊಡಿ, ಹಾಳು ನೆಲ' ಅಂತ ನೆಲಕ್ಕೆ ಎರಡು ಬಿಗಿಯುತ್ತೇವೆ. ಅತ್ತೆಗೆ ಇದನ್ನು ಬಿಡಿಸುವುದು ಮಗಳಿಗೆ ಬಿಡಿಸಿದ್ದಕ್ಕಿಂತ ಕಷ್ಟವಾಯಿತು. ನನ್ನ ಕೈಯೂ ಒಂದೆರಡು ಸಲ ಓಡಿದ್ದುಂಟು, ಸುಳ್ಳು ಹೇಳಲ್ಲ.

ನಿಮ್ಮವನಿಗೆ ಮಾತು ತಡ ಅನ್ನಿಸಿದರೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಮನೆಯಲ್ಲಿ ಯಾವ ಮಾತು ಬಳಸುತ್ತೀರೋ ಅದನ್ನೇ ಅಂಗನವಾಡಿ ಟೀಚರಿಗೂ ಹೇಳಿಡಿ. ಅಲ್ಲಿ ರೊಟ್ಟಿ ಹಿಟ್ಟು ಸಿಗಲಿಕ್ಕಿಲ್ಲ, ಜೇಡಿಮಣ್ಣಾದರೂ ಆದೀತು.